ಹೊಳಪು ಇಳಿದದ್ದು ಉಪ್ಪಿನಿಂದಲೇನಾ? ಕಾರವಾರದ ಗಾಜಿನ ಸೆನ್ಸರ್: ಒಂದು ಪ್ರಕರಣ ಅಧ್ಯಯನ

ಕಾರವಾರದ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರದ ಮೂವರು ವಿದ್ಯಾರ್ಥಿಗಳು ಪ್ರಾಜೆಕ್ಟಿಗಾಗಿ ಒಂದು ಸೆನ್ಸರ್ ಮಾಡಿದರು. ಮೈಕ್ರೋಸ್ಕೋಪಿಗೆ ಬಳಸುವ ಗಾಜಿನ ಸ್ಲೈಡ್, ಅದರ ಮೇಲೆ ತೆಳುವಾದ ಲೇಪ, ಲೇಪದೊಳಗೆ ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುವ ಒಂದು ಬಣ್ಣ. ನೀರಿನಲ್ಲಿ ಕ್ಲೋರೈಡ್, ಅಂದರೆ ಉಪ್ಪಿನ ಒಂದು ಭಾಗ, ಇದ್ದರೆ ಹೊಳಪು ಇಳಿಯಬೇಕು. ಎಷ್ಟು ಇಳಿಯಿತು ಎಂದು ನೋಡಿ ಎಷ್ಟು ಕ್ಲೋರೈಡ್ ಇದೆ ಎಂದು ಹೇಳಬೇಕು. ಲ್ಯಾಬಿನಲ್ಲಿ ಗ್ರಾಫ್ ಬಹಳ ಚೆನ್ನಾಗಿ ಬಂತು. ಬಾವಿ ನೀರು ತಂದು ಅಳೆದಾಗ ಮಾತ್ರ ಉತ್ತರ ಹೊಂದಲಿಲ್ಲ. ಸೆನ್ಸರ್ ಹೇಳಿದ ಕ್ಲೋರೈಡ್ ಬ್ಯೂರೆಟ್ ಹಿಡಿದು ಮಾಡಿದ ಟೈಟ್ರೇಷನ್ ಹೇಳಿದ್ದಕ್ಕಿಂತ ಯಾವಾಗಲೂ ಜಾಸ್ತಿ. ಅದೂ ಒಂದೇ ಸಮ ಜಾಸ್ತಿ ಅಲ್ಲ, ಬಾವಿಯಿಂದ ಬಾವಿಗೆ ಬೇರೆ ಬೇರೆ.

ಈ ಹಂತದಲ್ಲಿ ಅವರ ಗೈಡ್ ನನ್ನನ್ನು ಕರೆದರು. ಲೇಪದ ಕೆಲಸದಲ್ಲಿ ನನಗೆ ಮೊದಲಿನಿಂದ ಆಸಕ್ತಿ. ಆಮೇಲೆ ನಡೆದದ್ದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಇಂಥ ಸೆನ್ಸರ್ ಮಾಡಲು ಹೊರಡುವ ಬೇರೆ ಹುಡುಗ ಹುಡುಗಿಯರಿಗೂ ಇದೇ ತೊಡಕು ಎದುರಾಗುವುದು ಖಂಡಿತ.

ಕ್ಲೋರೈಡೇ ಯಾಕೆ

ಕಾಳಿ ನದಿ ಸಮುದ್ರ ಸೇರುವ ಕಡೆ, ಕೋಡಿಬಾಗ, ಸದಾಶಿವಗಡದ ಸುತ್ತ, ಬೇಸಿಗೆ ಬಂತೆಂದರೆ ಬಾವಿ ನೀರಿನದೇ ಮಾತು. ನೆಲದೊಳಗೆ ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ಸಿಹಿನೀರು ಮೇಲೆ ಕೂತಿರುತ್ತದೆ. ಘೈಬೆನ್-ಹರ್ಜ್‌ಬರ್ಗ್ ಲೆಕ್ಕದ ಪ್ರಕಾರ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿವರೆಗೂ ಸಿಹಿನೀರೇ ಇರುತ್ತದೆ. ಇದನ್ನು ತಿರುಗಿಸಿ ನೋಡಿದರೆ ಭಯವಾಗುತ್ತದೆ. ಪಂಪ್ ಹಚ್ಚಿ ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ, ಕೆಳಗಿನ ಉಪ್ಪುನೀರು ನಿಧಾನಕ್ಕೆ 40 ಅಡಿ ಏರಿ ಬರಬಹುದು.

ಮಾದರಿ ತರಲು ಹೋದ ಮನೆಯೊಂದರಲ್ಲಿ ವಯಸ್ಸಾದ ಅಮ್ಮ ಒಬ್ಬರು ಕೊಡ ಕೆಳಗಿಟ್ಟು ಹೇಳಿದರು: "ಮಾಸ್ತರ್ರೇ, ಉಪ್ಪಾಗಿದೆ ಅಂತ ನಮ್ಮ ನಾಲಿಗೆಗೇ ಗೊತ್ತಾಗ್ತದೆ. ಎಷ್ಟಾಗಿದೆ ಅಂತ ಹೇಳಿ, ಕುಡಿಬಹುದಾ ಅಂತ ಹೇಳಿ." ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಅಂಕಿಯಲ್ಲೇ ಉತ್ತರ ಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 250 ಮಿಲಿಗ್ರಾಂ ಕ್ಲೋರೈಡ್ ತನಕ ಒಪ್ಪಬಹುದು. ಬೇರೆ ನೀರೇ ಇಲ್ಲ ಅಂದರೆ 1000 ಮಿಲಿಗ್ರಾಂ ತನಕ. ಸಮುದ್ರದ ನೀರಿನಲ್ಲಿ ಇದು ಸುಮಾರು 19,000 ಮಿಲಿಗ್ರಾಂ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಬರೀ ಬಾವಿ ನೀರು ನೋಡುವುದಕ್ಕೆ ಇಷ್ಟೆಲ್ಲ ಬೇಕಿಲ್ಲ. ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಎಲ್ಲ ಲವಣಗಳನ್ನೂ ಸೇರಿಸಿ ಹೇಳುತ್ತದೆ ನಿಜ, ಆದರೆ ಬಾವಿ ಕೆಡುತ್ತಿದೆಯೇ ಎಂದು ತಿಳಿಯಲು ಸಾಕು. ಕ್ಲೋರೈಡ್ ಒಂದನ್ನೇ ಅಳೆಯಲು ಸಿಲ್ವರ್ ನೈಟ್ರೇಟ್ ಹಾಕುವ ಮೋರ್ ಟೈಟ್ರೇಷನ್ ಇದೆ. ಹಳದಿ ದ್ರಾವಣ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ಬಿ.ಎಸ್ಸಿ. ಓದಿದವರೆಲ್ಲ ನೋಡಿರುತ್ತಾರೆ.

ಹಾಗಾದರೆ ಗಾಜಿನ ಸೆನ್ಸರ್ ಯಾಕೆ? ಈ ಗುಂಪಿನ ನಿಜವಾದ ಗುರಿ ಬಾವಿ ಆಗಿರಲಿಲ್ಲ. ಕುಮಟಾ ಕಡೆಯ ಗಜನಿ ಗದ್ದೆಗಳು ಅವರ ಗುರಿ. ಅಘನಾಶಿನಿಯ ಹಿನ್ನೀರಿನಲ್ಲಿ, ಮಾಣಿಕಟ್ಟಾದಂಥ ಊರುಗಳಲ್ಲಿ, ಮಳೆ ನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ ತಳಿ ಅದು. ಬೇಸಿಗೆಯಲ್ಲಿ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಬೇರಿನ ಪಕ್ಕದ ಮಣ್ಣಿನಲ್ಲಿ ಎಷ್ಟು ಉಪ್ಪು ಇರುತ್ತದೆ, ಒಂದು ಮಳೆ ಬಿದ್ದ ಮೇಲೆ ಎಷ್ಟು ಇಳಿಯುತ್ತದೆ? ಅಷ್ಟು ಮಣ್ಣಿನಿಂದ ಸಿಗುವುದು ಕೆಲವೇ ಹನಿ ನೀರು. ಒಂದು ಹನಿಯಲ್ಲಿ ಟಿಡಿಎಸ್ ಮೀಟರ್ ಮುಳುಗುವುದಿಲ್ಲ. ಬ್ಯೂರೆಟ್ಟಿಗೂ ಅದು ಸಾಲದು. ಗಾಜಿನ ಮೇಲಿನ ಲೇಪಕ್ಕೆ ಒಂದು ಹನಿ ಸಾಕು. ಇದು ನನಗೆ ಬಹಳ ಹಿಡಿಸಿದ ವಿಚಾರ. ಬಾವಿ ನೀರು ಅದಕ್ಕೆ ಮೊದಲ ಪರೀಕ್ಷೆ ಅಷ್ಟೇ.

ಹೊಳಪು ಇಳಿಯುವುದು ಹೇಗೆ

ಕೆಲವು ವಸ್ತುಗಳು ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣದ ಬೆಳಕು ಬಿಡುತ್ತವೆ. ಇದೇ ಪ್ರತಿದೀಪ್ತಿ, ಅಂದರೆ ಫ್ಲೋರೆಸೆನ್ಸ್. 1852ರಲ್ಲಿ ಜಾರ್ಜ್ ಸ್ಟೋಕ್ಸ್ ಇದನ್ನು ವಿವರಿಸಿದ್ದು ಕ್ವಿನೈನ್ ದ್ರಾವಣ ಇಟ್ಟುಕೊಂಡು. ಟಾನಿಕ್ ವಾಟರ್ ಬಾಟಲಿಗೆ ಯುವಿ ಟಾರ್ಚ್ ಹಿಡಿದರೆ ಕಾಣುವ ನೀಲಿ ಹೊಳಪು ಅದರದೇ.

ಬೆಳಕು ಹೀರಿದ ಅಣು ಕೆಲವು ನ್ಯಾನೋಸೆಕೆಂಡ್ ಹೊತ್ತು ಉತ್ತೇಜಿತವಾಗಿ ಇರುತ್ತದೆ. ಅಷ್ಟರಲ್ಲಿ ಒಂದು ಕ್ಲೋರೈಡ್ ಅಯಾನ್ (ವಿದ್ಯುತ್ ಆವೇಶ ಇರುವ ಕಣ) ಬಂದು ಡಿಕ್ಕಿ ಹೊಡೆದರೆ, ಬೆಳಕು ಬಿಡದೆಯೇ ಅಣು ತಣ್ಣಗಾಗುತ್ತದೆ. ಇದಕ್ಕೆ ಕ್ವೆಂಚಿಂಗ್ ಎನ್ನುತ್ತಾರೆ. ಕ್ಲೋರೈಡ್ ಜಾಸ್ತಿಯಾದಷ್ಟೂ ಡಿಕ್ಕಿ ಜಾಸ್ತಿ, ಹೊಳಪು ಕಡಿಮೆ. 1919ರಲ್ಲಿ ಸ್ಟರ್ನ್ ಮತ್ತು ವೋಲ್ಮರ್ ಇದಕ್ಕೆ ಒಂದು ಸರಳ ಲೆಕ್ಕ ಕೊಟ್ಟರು. ಕ್ಲೋರೈಡ್ ಇಲ್ಲದಾಗಿನ ಹೊಳಪನ್ನು ಕ್ಲೋರೈಡ್ ಇರುವಾಗಿನ ಹೊಳಪಿನಿಂದ ಭಾಗಿಸಿದರೆ, ಬರುವ ಅಂಕಿ ಕ್ಲೋರೈಡ್ ಪ್ರಮಾಣದ ಜೊತೆ ನೇರ ಗೆರೆಯಲ್ಲಿ ಏರುತ್ತದೆ. ಆ ಗೆರೆಯ ಓರೆಯೇ ಬಣ್ಣದ ಸೂಕ್ಷ್ಮತೆ.

ವಿದ್ಯಾರ್ಥಿಗಳು ಆರಿಸಿದ ಬಣ್ಣ ಲೂಸಿಜೆನಿನ್. ನೀರಿನಲ್ಲಿ ಅದರ ಸ್ಟರ್ನ್-ವೋಲ್ಮರ್ ಸ್ಥಿರಾಂಕ, ಅಂದರೆ ಆ ಗೆರೆಯ ಓರೆ, ಮೋಲಾರ್‌ಗೆ ಸುಮಾರು 390. ಲೀಟರಿಗೆ 250 ಮಿಲಿಗ್ರಾಂ ಅಂದರೆ ಸುಮಾರು 7 ಮಿಲಿಮೋಲಾರ್ ಕ್ಲೋರೈಡ್. ಲೆಕ್ಕ ಹಾಕಿದರೆ ಹೊಳಪು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯಬೇಕು. ಬರಿಗಣ್ಣಿಗೇ ಗೊತ್ತಾಗುವಷ್ಟು. ನೀಲಿ ಎಲ್‌ಇಡಿ ಸಾಕು, ಯುವಿ ದೀಪವೂ ಬೇಕಿಲ್ಲ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಯ್ಕೆ ಸಿಗುವುದು ಕಷ್ಟ.

ಲೇಪ

ಲೇಪಕ್ಕೆ ಸೋಲ್-ಜೆಲ್ ವಿಧಾನ ಹಿಡಿದರು. ಟೆಟ್ರಾಈಥಾಕ್ಸಿಸೈಲೇನ್ ಎಂಬ ದ್ರವಕ್ಕೆ ಆಲ್ಕೋಹಾಲ್, ಸ್ವಲ್ಪ ನೀರು, ಸ್ವಲ್ಪ ಆಮ್ಲ ಬೆರೆಸಿ ಕಲಕುತ್ತಾ ಬಿಟ್ಟರೆ ಸಿಲಿಕಾದ ಸರಪಳಿಗಳು ಬೆಳೆಯುತ್ತವೆ. ಅದರಲ್ಲಿ ಬಣ್ಣ ಕರಗಿಸಿ, ಸ್ಲೈಡ್ ಮುಳುಗಿಸಿ, ಒಂದೇ ವೇಗದಲ್ಲಿ ಮೇಲೆ ಎಳೆಯಬೇಕು. ವೇಗವಾಗಿ ಎಳೆದರೆ ಲೇಪ ದಪ್ಪ, ನಿಧಾನಕ್ಕೆ ಎಳೆದರೆ ತೆಳು. ಜಾಸ್ತಿ ದಪ್ಪ ಆದರೆ ಒಣಗುವಾಗ ಬಿರುಕು ಬಿಡುತ್ತದೆ.

ಈ ಗುಂಪು ಒಂದು ಜಾಣ ಕೆಲಸ ಮಾಡಿತ್ತು. ಬಹಳ ಕಡೆ ಆಮ್ಲ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿಬಿಡುತ್ತಾರೆ. ಕ್ಲೋರೈಡ್ ಅಳೆಯುವ ಲೇಪದೊಳಗೆ ಮೊದಲೇ ಕ್ಲೋರೈಡ್ ತುಂಬಿದ ಹಾಗೆ ಆಗುತ್ತದೆ ಅಲ್ವಾ? ಇವರು ನೈಟ್ರಿಕ್ ಆಮ್ಲ ಹಾಕಿದ್ದರು. ಸ್ಲೈಡನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ, ಬೆವರಿನಲ್ಲೂ ಉಪ್ಪಿದೆ. ಭಟ್ಟಿ ಇಳಿಸಿದ ನೀರಿಗೂ ಮೊದಲು ಒಂದು ಹನಿ ಸಿಲ್ವರ್ ನೈಟ್ರೇಟ್ ಹಾಕಿ, ಮಬ್ಬಾಗುತ್ತದೆಯೇ ಎಂದು ನೋಡುತ್ತಿದ್ದರು. ಸಮುದ್ರದ ಗಾಳಿ ಕಿಟಕಿಯಿಂದ ಒಳಗೆ ಬರುವ ಊರಿನಲ್ಲಿ ಈ ಎಚ್ಚರ ಬೇಕೇ ಬೇಕು. ಇಷ್ಟು ಶಿಸ್ತಿನ ಕೆಲಸಕ್ಕೆ ತಪ್ಪು ಉತ್ತರ ಬಂದದ್ದು ನೋಡಿ ನನಗೂ ಬೇಜಾರಾಯಿತು.

ಹೊಳಪು ಎಲ್ಲಿಗೆ ಹೋಯಿತು

ನಾನು ಮೊದಲು ಕೇಳಿದ್ದು ಗ್ರಾಫ್ ಬಗ್ಗೆ. ಬಿಂದುಗಳನ್ನು ಯಾವ ಕ್ರಮದಲ್ಲಿ ತೆಗೆದಿರಿ? ಕಡಿಮೆ ಉಪ್ಪಿನಿಂದ ಶುರು ಮಾಡಿ ಜಾಸ್ತಿ ಉಪ್ಪಿನ ಕಡೆಗೆ ಎಂದರು. ಎಲ್ಲರೂ ಹಾಗೇ ಮಾಡುವುದು. ಸ್ಲೈಡ್ ಮಲಿನ ಆಗದಿರಲಿ ಎಂಬ ಕಾಳಜಿ ಅದರ ಹಿಂದೆ ಇರುತ್ತದೆ. ಆದರೆ ಈ ಕ್ರಮದಲ್ಲಿ ಒಂದು ತೊಂದರೆ ಇದೆ. ಹೊತ್ತು ಹೋದಂತೆ ಹೊಳಪು ಬೇರೆ ಯಾವ ಕಾರಣಕ್ಕೆ ಇಳಿದರೂ ಅದು ಉಪ್ಪಿನ ಲೆಕ್ಕಕ್ಕೇ ಸೇರಿಬಿಡುತ್ತದೆ.

ಅದೇ ಸ್ಲೈಡನ್ನು ಉಪ್ಪುನೀರಿನಿಂದ ತೆಗೆದು, ತೊಳೆದು, ಶುದ್ಧ ನೀರಿಗೆ ಹಾಕಿ ನೋಡಲು ಹೇಳಿದೆ. ಡಿಕ್ಕಿಯಿಂದ ಇಳಿದ ಹೊಳಪು ಆದರೆ ಅದು ವಾಪಸ್ ಬರಲೇಬೇಕು. ಕ್ಲೋರೈಡ್ ಅಣುವನ್ನು ಹಾಳು ಮಾಡುವುದಿಲ್ಲ, ಆ ಕ್ಷಣದ ಶಕ್ತಿಯನ್ನು ಮಾತ್ರ ಕಸಿಯುತ್ತದೆ. ಹೊಳಪು ಸ್ವಲ್ಪ ವಾಪಸ್ ಬಂತು. ಪೂರ್ತಿ ಬರಲಿಲ್ಲ.

ಎರಡನೆಯದಾಗಿ, ಹೊಸ ಸ್ಲೈಡನ್ನು ಸೋಡಿಯಂ ನೈಟ್ರೇಟ್ ದ್ರಾವಣದಲ್ಲಿ ಅದ್ದಿದೆವು. ನೈಟ್ರೇಟ್‌ಗೆ ಲೂಸಿಜೆನಿನ್ ಹೊಳಪನ್ನು ಇಳಿಸುವ ಗುಣ ಇಲ್ಲ. ಕ್ಲೋರೈಡ್ ಒಂದು ಚೂರೂ ಇಲ್ಲದ ನೀರು ಅದು. ಹೊಳಪು ಅದರಲ್ಲೂ ಇಳಿಯಿತು. ಕೋಣೆಯಲ್ಲಿದ್ದವರಿಗೆಲ್ಲ ಆಗ ವಿಷಯ ಅರ್ಥವಾಯಿತು.

ಅಂಕೋಲಾದಿಂದ ದಿನಾ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿ ಮೂರನೆಯ ಪರೀಕ್ಷೆಯನ್ನು ತಾನಾಗೇ ಮಾಡಿದಳು. ಸ್ಲೈಡ್ ಹೊರಗೆ ತೆಗೆದು, ಉಳಿದ ಆ ನೈಟ್ರೇಟ್ ನೀರಿಗೇ ನೀಲಿ ದೀಪ ಹಿಡಿದಳು. ನೀರು ಹಸಿರಾಗಿ ಹೊಳೆಯಿತು. ಹೊಸ ಬಟ್ಟೆ ಮೊದಲ ಸಲ ಒಗೆದಾಗ ಬಣ್ಣ ಬಿಡುವ ಹಾಗೆ ಲೇಪ ಬಣ್ಣ ಬಿಡುತ್ತಿತ್ತು.

ಕಾರಣ ಇದು. ಲೂಸಿಜೆನಿನ್ ಎರಡು ಧನ ಆವೇಶಗಳ ಅಯಾನ್. ನಮ್ಮ ಬಾವಿ ನೀರಿನಂಥ ನೀರಿನಲ್ಲಿ ಸಿಲಿಕಾದ ಮೇಲ್ಮೈಗೆ ಋಣ ಆವೇಶ ಇರುತ್ತದೆ. ಲೇಪದಲ್ಲಿ ಬಣ್ಣ ನಿಂತಿರುವುದು ಬಹಳ ಮಟ್ಟಿಗೆ ಈ ಸೆಳೆತದಿಂದ. ರಾಸಾಯನಿಕ ಬಂಧ ಏನೂ ಇಲ್ಲ. ಶುದ್ಧ ನೀರಿನಲ್ಲಿ ಆ ಜಾಗಕ್ಕೆ ಪೈಪೋಟಿ ಇಲ್ಲ, ಹಾಗಾಗಿ ಬಣ್ಣ ಕದಲುವುದಿಲ್ಲ. ಉಪ್ಪುನೀರಿಗೆ ಹಾಕಿದ ಕೂಡಲೇ ಸೋಡಿಯಂ ಅಯಾನುಗಳು ಬಂದು ಜಾಗ ಹಿಡಿಯುತ್ತವೆ, ಬಣ್ಣ ಹೊರಗೆ ಬೀಳುತ್ತದೆ. ವಿದ್ಯಾರ್ಥಿಗಳು ಮೊದಲು ಶುದ್ಧ ನೀರಿನಲ್ಲಿ ಇಟ್ಟು ಪರೀಕ್ಷೆ ಮಾಡಿದಾಗ ಲೇಪ ಗಟ್ಟಿಯಾಗಿದೆ ಎಂದು ಕಂಡದ್ದು ಇದಕ್ಕೇ.

ಬಾವಿಯಿಂದ ಬಾವಿಗೆ ತಪ್ಪು ಬೇರೆ ಬೇರೆ ಆದದ್ದಕ್ಕೂ ಇಲ್ಲೇ ಉತ್ತರ ಇದೆ. ಬಾವಿ ನೀರಿನಲ್ಲಿ ಸೋಡಿಯಂ ಒಂದೇ ಅಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಇವೆ. ಎರಡು ಆವೇಶದ ಈ ಅಯಾನುಗಳು ಸೋಡಿಯಂಗಿಂತ ಜೋರಾಗಿ ಜಾಗ ಕಸಿಯುತ್ತವೆ. ಸಾದಾ ಉಪ್ಪು ಕರಗಿಸಿ ಮಾಡಿದ ಗ್ರಾಫಿಗೆ ಅವುಗಳ ಪರಿಚಯವೇ ಇರಲಿಲ್ಲ. ಗಡಸು ನೀರಿನ ಬಾವಿಯಲ್ಲಿ ಬಣ್ಣ ಜಾಸ್ತಿ ಹೋಯಿತು. ಅದನ್ನು ಸೆನ್ಸರ್ ಜಾಸ್ತಿ ಕ್ಲೋರೈಡ್ ಎಂದು ಓದಿತು.

ನನ್ನ ಅಭಿಪ್ರಾಯದಲ್ಲಿ ಈ ಕೆಲಸದ ತಿರುಳು ಇದೇ. ಪುಸ್ತಕಗಳಲ್ಲಿ, ಲೇಖನಗಳಲ್ಲಿ ಬಣ್ಣದ ಬಗ್ಗೆ ಪುಟಗಟ್ಟಲೆ ಇರುತ್ತದೆ, ಲೇಪದ ಬಗ್ಗೆ ಒಂದು ಪ್ಯಾರಾ. ಆದರೆ ಗಾಜಿನ ಮೇಲೆ ಕೂತ ಬಣ್ಣ ದ್ರಾವಣದಲ್ಲಿದ್ದ ಬಣ್ಣದ ಹಾಗೆ ನಡೆದುಕೊಳ್ಳುವುದಿಲ್ಲ. ಹಿಡಿದಿಟ್ಟುಕೊಳ್ಳುವ ಲೇಪ, ಅಯಾನ್ ಒಳಗೆ ಬಿಡುವ ರಂಧ್ರ, ಮೇಲ್ಮೈಯ ಆವೇಶ, ಇವೆಲ್ಲ ಸೇರಿಯೇ ಸೆನ್ಸರ್. "ಹೊಳಪು ಇಳಿಯಿತು" ಎಂಬಷ್ಟಕ್ಕೇ ನಂಬಿಕೆ ಇಡಬಾರದು. ಇಳಿದದ್ದು ವಾಪಸ್ ಏರುತ್ತದೆಯೇ ಎಂದು ನೋಡದೆ ಯಾವ ಗ್ರಾಫನ್ನೂ ಒಪ್ಪಬಾರದು.

ಬಣ್ಣವನ್ನು ಕಟ್ಟಿಹಾಕಿದ್ದು

ಎರಡು ದಾರಿ ಇತ್ತು. ನ್ಯಾಫಿಯಾನ್ ಎಂಬ ಪಾಲಿಮರ್‌ಗೆ ಬಲವಾದ ಋಣ ಆವೇಶ ಇರುತ್ತದೆ, ಅದು ಲೂಸಿಜೆನಿನ್ ಅನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸಮುದ್ರದ ನೀರು ಅಳೆಯಲು ಇದನ್ನು ಬಳಸಿದವರಿದ್ದಾರೆ. ಆದರೆ ಋಣ ಆವೇಶದ ಪಾಲಿಮರ್ ಕ್ಲೋರೈಡನ್ನೂ ದೂರ ತಳ್ಳುತ್ತದೆ, ಅದೂ ಋಣ ಅಯಾನ್ ತಾನೇ. ಸಮುದ್ರದ ನೀರಿಗೆ ಅದು ಅನುಕೂಲ. ಬಾವಿಯಂಥ ಕಡಿಮೆ ಉಪ್ಪಿನ ನೀರಿಗೆ ಸೂಕ್ಷ್ಮತೆ ಸಾಲದು. ಬೆಲೆಯೂ ಜಾಸ್ತಿ.

ಎರಡನೆಯ ದಾರಿ, ಬಣ್ಣವನ್ನೇ ರಾಸಾಯನಿಕ ಬಂಧದಿಂದ ಸಿಲಿಕಾಕ್ಕೆ ಕಟ್ಟುವುದು. ಇದಕ್ಕೆ ಬಣ್ಣ ಬದಲಿಸಬೇಕಾಯಿತು. 6-ಮೀಥಾಕ್ಸಿಕ್ವಿನೋಲಿನ್ ತೆಗೆದುಕೊಂಡೆವು. ಕ್ವಿನೈನ್ ಅಣುವಿನ ಹೊಳೆಯುವ ತುಂಡೇ ಇದು. ಇದರ ಸಾರಜನಕಕ್ಕೆ ಬ್ರೋಮೋಪ್ರೊಪೈಲ್ ಸೈಲೇನ್ ಜೋಡಿಸಿದರೆ, ಒಂದು ತುದಿಯಲ್ಲಿ ಕ್ಲೋರೈಡಿಗೆ ಸ್ಪಂದಿಸುವ ಕ್ವಿನೋಲಿನಿಯಂ, ಇನ್ನೊಂದು ತುದಿಯಲ್ಲಿ ಸಿಲಿಕಾಕ್ಕೆ ಬೆಸೆಯುವ ಸೈಲೇನ್. ಇದೇ ಕುಟುಂಬದ ಎಸ್‌ಪಿಕ್ಯು ಎಂಬ ಬಣ್ಣದ ಸ್ಥಿರಾಂಕ ನೀರಿನಲ್ಲಿ ಸುಮಾರು 118. ಲೂಸಿಜೆನಿನ್‌ಗಿಂತ ಕಡಿಮೆ. ಆ ಲೆಕ್ಕದಲ್ಲಿ 250 ಮಿಲಿಗ್ರಾಂ ಕ್ಲೋರೈಡಿಗೆ ಹೊಳಪು ಶೇಕಡಾ 55ಕ್ಕೆ, 1000 ಮಿಲಿಗ್ರಾಂಗೆ ಶೇಕಡಾ 23ಕ್ಕೆ ಇಳಿಯಬೇಕು. ಬಾವಿಗೆ ಇದೇ ಸರಿಯಾದ ವ್ಯಾಪ್ತಿ ಎಂದು ನನಗೆ ಕಂಡಿತು. ಮೊದಲಿನ ಬಣ್ಣ 1000 ಮಿಲಿಗ್ರಾಂ ಮುಟ್ಟುವಷ್ಟರಲ್ಲಿ ಬಹುಪಾಲು ಕತ್ತಲಾಗಿರುತ್ತಿತ್ತು. ಹೊಸ ಬಣ್ಣಕ್ಕೆ 365 ನ್ಯಾನೋಮೀಟರ್ ಯುವಿ ಎಲ್‌ಇಡಿ ಬೇಕು, ಅದು ಈಗ ಸುಲಭವಾಗಿ ಸಿಗುತ್ತದೆ.

ಈ ಬಣ್ಣದ ಜೊತೆ ಬ್ರೋಮೈಡ್ ಅಯಾನ್ ಬರುತ್ತದೆ. ಬ್ರೋಮೈಡ್ ಕ್ಲೋರೈಡಿಗಿಂತಲೂ ಜೋರಾಗಿ ಹೊಳಪು ಇಳಿಸುತ್ತದೆ. ಲೇಪವನ್ನು ಸೋಡಿಯಂ ನೈಟ್ರೇಟ್‌ನಲ್ಲಿ ಚೆನ್ನಾಗಿ ತೊಳೆದ ಮೇಲೆಯೇ ಹೊಳಪು ಮೇಲೆದ್ದಿತು. ಮೊದಲು ದೋಷ ಹಿಡಿದುಕೊಟ್ಟ ದ್ರಾವಣವೇ ಈಗ ತೊಳೆಯುವ ಕೆಲಸಕ್ಕೆ ಬಂತು.

ಈ ಹೊತ್ತಿಗೆ ಮಳೆಗಾಲ ಶುರುವಾಗಿತ್ತು. ಸ್ವಚ್ಛ ಗಾಜಿಗೆ ನೇರವಾಗಿ ಸೈಲೇನ್ ಹಚ್ಚುವ ಮೊದಲ ಯತ್ನ ಅದರಲ್ಲೇ ಕೆಟ್ಟಿತು. ಸೈಲೇನ್ ಗಾಜಿನ ಮೇಲ್ಮೈ ಜೊತೆ ನಿಧಾನಕ್ಕೆ ಸೇರಬೇಕು. ಕಾರವಾರದ ಜುಲೈ ಗಾಳಿಯಲ್ಲಿ ಅದು ತೇವದ ಜೊತೆ ಸೇರಿ ತನ್ನೊಳಗೇ ಗಂಟು ಕಟ್ಟಿತು. ಸ್ಲೈಡ್ ಮೇಲೆ ಬಿಳಿ ಮಬ್ಬು. ಒಣಗಿಸಿದ ಟೊಲುವೀನ್, ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಜಾಡಿ, ಆಮೇಲೆ 110 ಡಿಗ್ರಿ ಓವನ್, ಇಷ್ಟು ಮಾಡಿದ ಮೇಲೆ ಮಬ್ಬು ಹೋಯಿತು. ಆದರೆ ಒಂದೇ ಪದರದ ಬಣ್ಣದ ಹೊಳಪು, ಅದನ್ನು ಅಳೆಯಲು ಬಳಸುತ್ತಿದ್ದ ಮೊಬೈಲ್ ಕ್ಯಾಮೆರಾಕ್ಕೆ ಕಾಣುವಷ್ಟಿರಲಿಲ್ಲ. ಕೊನೆಗೆ ಬಣ್ಣ ಕಟ್ಟಿದ ಸೈಲೇನನ್ನು ಸೋಲ್-ಜೆಲ್ ಮಿಶ್ರಣಕ್ಕೇ ಸೇರಿಸಿ ಲೇಪ ಎಳೆದೆವು. ಬಣ್ಣ ಸಿಲಿಕಾ ಜಾಲದ ಭಾಗವೇ ಆಯಿತು. ಹೊಳಪೂ ಬಂತು, ನೈಟ್ರೇಟ್ ಪರೀಕ್ಷೆಯಲ್ಲೂ ಗೆದ್ದಿತು.

ಫೋಟೋ ತೆಗೆಯುವಾಗ ಇನ್ನೊಂದು ಎಡವಟ್ಟು. ಸ್ಲೈಡ್ ಮಂಕಾದರೆ ಮೊಬೈಲ್ ತಾನಾಗೇ ಎಕ್ಸ್‌ಪೋಷರ್ ಏರಿಸಿ ಅದನ್ನು ಬೆಳಗಿಸಿಬಿಡುತ್ತದೆ! ಎಕ್ಸ್‌ಪೋಷರ್ ಲಾಕ್ ಮಾಡಿ, ಒಳಗೆ ಕಪ್ಪು ಬಳಿದ ಡಬ್ಬಿಯೊಳಗೆ ಫೋಟೋ ತೆಗೆಯಬೇಕು. ಜೊತೆಗೆ ಸ್ಲೈಡಿನ ಮೂಲೆಯಲ್ಲಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನಲ್ಲಿ ರೋಡಮೈನ್ ಎಂಬ ಹೊಳೆಯುವ ಬಣ್ಣ ಬೆರೆಸಿದ ಒಂದು ಕೆಂಪು ಚುಕ್ಕೆ ಇಟ್ಟೆವು. ಪಾಲಿಸ್ಟೈರೀನ್ ಒಳಗೆ ಉಪ್ಪು ಹೋಗುವುದಿಲ್ಲ, ಹಾಗಾಗಿ ಅದು ಬದಲಾಗುವುದಿಲ್ಲ. ಹೊಸ ಬಣ್ಣದ ನೀಲಿ ಹೊಳಪನ್ನು ಚುಕ್ಕೆಯ ಕೆಂಪಿನಿಂದ ಭಾಗಿಸಿದರೆ ದೀಪದ ಏರಿಳಿತ ಲೆಕ್ಕದಿಂದ ಹೊರಗೆ ಹೋಗುತ್ತದೆ.

ಮತ್ತೆ ಬಾವಿ ನೀರು

ಮೇ ತಿಂಗಳ ಮಾದರಿಗಳು ಮುಚ್ಚಿದ ಬಾಟಲಿಗಳಲ್ಲಿ ಇದ್ದವು. ಕ್ಲೋರೈಡ್ ಕೊಳೆಯುವುದಿಲ್ಲ, ಆವಿಯೂ ಆಗುವುದಿಲ್ಲ. ಅವನ್ನೇ ಮತ್ತೆ ಅಳೆದೆವು. ಈ ಸಲ ಕ್ರಮ ಬೆರೆಸಿ ಅಳೆದೆವು, ಪ್ರತಿ ಮಾದರಿಯ ನಡುವೆ ಶುದ್ಧ ನೀರಿಗೆ ವಾಪಸ್ ಹೋಗಿ ಹೊಳಪು ಪೂರ್ತಿ ಬಂತೇ ಎಂದು ನೋಡಿದೆವು. ಸೆನ್ಸರ್ ಮತ್ತು ಟೈಟ್ರೇಷನ್ ಹೆಚ್ಚಿನ ಬಾವಿಗಳಲ್ಲಿ ಹೊಂದಿದವು. ಗ್ರಾಫ್ ಮಾತ್ರ ಮೊದಲಿನಷ್ಟು ನೇರವಾಗಿರಲಿಲ್ಲ, ಮೇಲೆ ಹೋದಂತೆ ಸ್ವಲ್ಪ ಬಾಗಿತ್ತು. ಲೇಪದ ಆಳದಲ್ಲಿರುವ ಕೆಲವು ಅಣುಗಳಿಗೆ ಕ್ಲೋರೈಡ್ ಮುಟ್ಟುವುದೇ ಇಲ್ಲ, ಅದಕ್ಕೆ ಈ ಬಾಗು. ಕಾರಣ ಗೊತ್ತಿರುವ ಬಾಗಿದ ಗೆರೆಯನ್ನು ನಾನು ಹೆಚ್ಚು ನಂಬುತ್ತೇನೆ.

ಹೊಂದದೇ ಉಳಿದದ್ದು ತೋಟದ ಹಳ್ಳದ ಪಕ್ಕದ ಒಂದು ಬಾವಿ. ಎಲೆ ಕೊಳೆತು ಕಂದು ಬಣ್ಣಕ್ಕೆ ತಿರುಗಿದ ನೀರು. ಅಂಥ ನೀರಿನಲ್ಲಿ ಕರಗಿದ ಸಾವಯವ ವಸ್ತು ಯುವಿ ಬೆಳಕಿಗೆ ತಾನೇ ನೀಲಿಯಾಗಿ ಹೊಳೆಯುತ್ತದೆ. ಸೆನ್ಸರ್ ಅದನ್ನು ತನ್ನ ಹೊಳಪು ಎಂದು ತಿಳಿದು ಕ್ಲೋರೈಡ್ ಕಡಿಮೆ ಎಂದಿತು. ಗಜನಿ ಮಣ್ಣಿನ ನೀರೆಲ್ಲ ಹೀಗೇ ಇರುತ್ತದೆ, ಹಾಗಾಗಿ ಇದನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಸ್ಲೈಡನ್ನು ಬೀಕರಿನಲ್ಲಿ ಮುಳುಗಿಸುವುದು ನಿಲ್ಲಿಸಿದೆವು. ಲೇಪದ ಮೇಲೆ ಒಂದು ಹನಿ ಇಟ್ಟು, ಅದರ ಮೇಲೆ ಕವರ್ ಗ್ಲಾಸ್ ಮುಚ್ಚಿದೆವು. ನೀರಿನ ಪದರ ಕೂದಲಿನಷ್ಟು ತೆಳುವಾದರೆ ಅದರ ಸ್ವಂತ ಹೊಳಪು ತೀರಾ ಕಡಿಮೆ, ಲೇಪದ ಹೊಳಪೇ ಮೇಲುಗೈ. ಬಣ್ಣ ಇಲ್ಲದ ಬರೀ ಸಿಲಿಕಾ ಲೇಪದ ಸ್ಲೈಡಿನಲ್ಲೂ ಅದೇ ನೀರಿನ ಹನಿ ಅಳೆದು ಕಳೆಯುತ್ತೇವೆ. ಕಂದು ನೀರಿನ ಬಾವಿಯೂ ಟೈಟ್ರೇಷನ್ ಹತ್ತಿರ ಬಂತು.

ಗಜನಿಯ ಕೆಲಸವನ್ನು ಮುಂದಿನ ಬ್ಯಾಚ್ ಹಿಡಿದಿದೆ. ಅಲ್ಲಿ ಉಪ್ಪು ಸಮುದ್ರದ ಹತ್ತನೆಯ ಒಂದು ಭಾಗ ಇದ್ದರೂ ಸುಮಾರು 55 ಮಿಲಿಮೋಲಾರ್ ಆಗುತ್ತದೆ, ಹೊಳಪು ಏಳನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಹನಿಯನ್ನು ಶುದ್ಧ ನೀರು ಬೆರೆಸಿ ಹತ್ತು ಪಟ್ಟು ತೆಳು ಮಾಡಿ ಅಳೆಯಬೇಕು. ಮಣ್ಣಿನಿಂದ ನೀರು ತೆಗೆಯಲು ಸೆಂಟ್ರಿಫ್ಯೂಜ್ ಬಳಸುತ್ತಿದ್ದಾರೆ. ಯಾವ ಮಾದರಿ ಅಳೆಯುವ ಮೊದಲೂ ಪ್ರತಿ ಹೊಸ ಸ್ಲೈಡ್ ಒಂದು ರಾತ್ರಿ ಸೋಡಿಯಂ ನೈಟ್ರೇಟ್‌ನಲ್ಲಿ ಕೂತಿರುತ್ತದೆ. ಬೆಳಿಗ್ಗೆ ಆ ನೀರಿಗೆ ದೀಪ ಹಿಡಿದು ನೋಡುತ್ತಾರೆ. ನೀರು ಹೊಳೆದರೆ ಆ ಸ್ಲೈಡನ್ನು ಬಳಸುವುದಿಲ್ಲ.